ಎಲ್‌ಇಡಿ ವಾಲ್ ಕೊಳ್ಳುವ ಮುನ್ನ ಮೊದಲ ಸಾಲಿನಲ್ಲಿ ಕೂತು ನೋಡಿ

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆಯ ಕೆಎಎಸ್, ಐಎಎಸ್ ಕೋಚಿಂಗ್ ಕೇಂದ್ರಗಳು, ರಾಜಾಜಿನಗರದ ಕಲ್ಯಾಣ ಮಂಟಪಗಳು, ಬಸವೇಶ್ವರನಗರದ ಸಭಾಭವನಗಳು, ಕೆಂಗೇರಿ ಕಡೆಯ ಕಾಲೇಜುಗಳು. ನಾನು ಪರದೆ ಕೂರಿಸುವ ಕೆಲಸ ಮಾಡಿಕೊಂಡು ಬಂದಿರುವುದು ಹೆಚ್ಚುಕಡಿಮೆ ಈ ಸುತ್ತಿನಲ್ಲೇ. ಮೊದಲು ಪ್ರೊಜೆಕ್ಟರ್ ಇತ್ತು, ಆಮೇಲೆ ದೊಡ್ಡ ಟಿವಿ ಬಂತು, ಈಗ ಎಲ್ಲರೂ ಕೇಳುವುದು ಎಲ್‌ಇಡಿ ವಾಲ್. ಫೋನ್ ಮಾಡಿದವರು ಕೇಳುವ ಮೊದಲ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ: "ಸಾರ್, ಚದರಡಿಗೆ ಎಷ್ಟಾಗುತ್ತೆ?"

ಪ್ರಶ್ನೆ ತಪ್ಪಲ್ಲ. ಲಕ್ಷಗಟ್ಟಲೆ ದುಡ್ಡಿನ ಮಾತು, ಅದರಲ್ಲೂ ಎಷ್ಟೋ ಕಡೆ ಸಂಘದ ದುಡ್ಡು, ದಾನಿಗಳ ದುಡ್ಡು. ಆದರೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಈ ಪರದೆಯನ್ನು ಯಾರು ನೋಡುತ್ತಾರೆ, ಎಷ್ಟು ದೂರದಿಂದ ನೋಡುತ್ತಾರೆ, ಅದರಲ್ಲಿ ಏನನ್ನು ಓದುತ್ತಾರೆ ಎಂಬುದು ಮೊದಲು ಇತ್ಯರ್ಥವಾಗಬೇಕು. ಶುರುವಿನಲ್ಲಿ ನಾನೂ ಚದರಡಿಯ ಲೆಕ್ಕದಿಂದಲೇ ಹೊರಟವನು. ಆಗ ಕಲಿತದ್ದರಲ್ಲಿ ಬಹುಪಾಲು ಬೇರೆಯವರ ದುಡ್ಡಿನಲ್ಲಿ ಕಲಿತದ್ದು. ಆ ಋಣ ನನ್ನ ಮೇಲಿದೆ ಎಂದೇ ಇದನ್ನು ಬರೆಯುತ್ತಿದ್ದೇನೆ.

1. ಪಿಚ್ ಎಷ್ಟಿರಬೇಕೆಂದು ಹೇಳುವುದು ಮೊದಲ ಸಾಲಿನ ಕುರ್ಚಿ

ಎಲ್‌ಇಡಿ ವಾಲ್ ಎಂದರೆ ಲಕ್ಷಗಟ್ಟಲೆ ಪುಟ್ಟ ದೀಪಗಳ ಹಾಸು. ಒಂದು ದೀಪದ ನಡುವಿನಿಂದ ಪಕ್ಕದ ದೀಪದ ನಡುವಿಗೆ ಇರುವ ಅಂತರವೇ ಪಿಚ್. ಪಿ 2.5 ಎಂದರೆ ಎರಡೂವರೆ ಮಿಲಿಮೀಟರ್, ಪಿ 4 ಎಂದರೆ ನಾಲ್ಕು. ಅಂತರ ಕಡಿಮೆಯಾದಷ್ಟೂ ಚಿತ್ರ ನಯವಾಗುತ್ತದೆ, ಬೆಲೆ ಏರುತ್ತದೆ. ಏಕೆ ಏರುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ಸಾಕು: ಒಂದು ಚದರ ಮೀಟರಿನಲ್ಲಿ ಪಿ 4ಕ್ಕೆ 62,500 ಚುಕ್ಕೆ, ಪಿ 2.5ಕ್ಕೆ 1,60,000, ಪಿ 1.25ಕ್ಕೆ 6,40,000. ಪಿಚ್ ಅರ್ಧವಾದರೆ ದೀಪ ನಾಲ್ಕು ಪಟ್ಟು.

ಮಾರುವವರು ಸಾಮಾನ್ಯವಾಗಿ ಹೇಳುವ ಸೂತ್ರ, ಪಿಚ್ ಎಷ್ಟು ಮಿಲಿಮೀಟರೋ ಅಷ್ಟು ಮೀಟರ್ ದೂರ ಕೂತರೆ ಸಾಕು ಎನ್ನುವುದು. ಅದು ನೋಡಬಹುದಾದ ಕನಿಷ್ಠ ದೂರ. ನೆಮ್ಮದಿಯಾಗಿ ನೋಡುವ ದೂರ ಬೇರೆ. ಸಾಮಾನ್ಯ ದೃಷ್ಟಿಯ ಕಣ್ಣಿಗೆ ಒಂದು ಮಿಲಿಮೀಟರ್ ಅಂತರದ ಎರಡು ಚುಕ್ಕೆಗಳು ಬೆರೆತು ಒಂದಾಗಿ ಕಾಣಬೇಕಾದರೆ ಸುಮಾರು ಮೂರೂವರೆ ಮೀಟರ್ ದೂರ ಬೇಕು. ಹಾಗಾಗಿ ಪಿ 2.5 ಪರದೆಯ ಚುಕ್ಕೆಗಳು ಪೂರ್ತಿ ಮಾಯವಾಗುವುದು ಹತ್ತಿರ ಹತ್ತಿರ 28 ಅಡಿ ಆಚೆ, ಪಿ 1.5ಕ್ಕೆ 17 ಅಡಿ. ಚಿತ್ರ, ವಿಡಿಯೊ ನೋಡುವವರು ಇದರ ಅರ್ಧ ದೂರದಲ್ಲಿ ಕೂತರೂ ತೊಂದರೆಯಿಲ್ಲ. ದಿನವಿಡೀ ಅಕ್ಷರ ಓದುವವರಿಗೆ ಹಾಗಾಗುವುದಿಲ್ಲ.

ಈಗ ನಮ್ಮ ಕಡೆಯ ಕಟ್ಟಡಗಳನ್ನು ನೆನಪಿಸಿಕೊಳ್ಳಿ. ಥರ್ಟಿ-ಫಾರ್ಟಿ ಸೈಟಿನ ಮೇಲಿನ ಮಹಡಿಯಲ್ಲಿ ನಡೆಯುವ ಕೋಚಿಂಗ್ ತರಗತಿ. ಗೋಡೆ, ಮೆಟ್ಟಿಲು, ಬಿಟ್ಟ ಜಾಗ ಎಲ್ಲ ಕಳೆದರೆ ಹಾಲಿನ ಉದ್ದ 33-35 ಅಡಿ. ಪರದೆಯ ಮುಂದೆ ಮೇಷ್ಟ್ರು ಓಡಾಡಲು ಸ್ವಲ್ಪ ಜಾಗ, ಅದರ ಹಿಂದೆಯೇ ಮೊದಲ ಬೆಂಚು. ಆ ಹುಡುಗ ಪರದೆಯಿಂದ ಏಳೆಂಟು ಅಡಿ ದೂರದಲ್ಲಿದ್ದಾನೆ. ಇಂಥ ಒಂದು ತರಗತಿಗೆ ನಾನು ಶುರುವಿನ ದಿನಗಳಲ್ಲಿ ಪಿ 3 ಹಾಕಿದ್ದೆ. ಹಿಂದಿನ ಗೋಡೆಗೆ ಒರಗಿ ನಿಂತು ನೋಡಿ "ಚೆನ್ನಾಗಿದೆ" ಎಂದು ಬಂದುಬಿಟ್ಟೆ. ಬೇಗ ಬಂದು ಮುಂದಿನ ಬೆಂಚು ಹಿಡಿಯುತ್ತಿದ್ದ ಹುಡುಗರು ಕೆಲವು ವಾರಗಳಲ್ಲೇ ಹಿಂದಕ್ಕೆ ಸರಿದರು. ಕಣ್ಣುರಿ, ತಲೆನೋವು ಎಂದರಂತೆ. ಹಳ್ಳಿಯಿಂದ ಬಂದು, ಪಿಜಿಯಲ್ಲಿದ್ದು, ಸಾಲ ಮಾಡಿ ಫೀಸು ಕಟ್ಟಿದ ಮಕ್ಕಳು ಮುಂದೆ ಕೂರುವುದಕ್ಕೇ ಹಿಂಜರಿಯುವಂತಾಯಿತಲ್ಲ ಎಂಬುದು ನನ್ನನ್ನು ಬಹಳ ಕಾಡಿತು. ಅಲ್ಲಿಂದಾಚೆಗೆ ನಾನು ಮೊದಲು ಅಳೆಯುವುದು ಪರದೆಯಿಂದ ಮೊದಲ ಕುರ್ಚಿಗಿರುವ ದೂರವನ್ನು, ಟೇಪು ಹಿಡಿದು.

ದೊಡ್ಡ ಮಂಟಪದ ಮಾತು ಬೇರೆ. ವೇದಿಕೆ, ಅದರ ಮುಂದಿನ ಜಾಗ, ಸೋಫಾ ಸಾಲು ಎಲ್ಲ ಸೇರಿ ಮೊದಲ ನೋಟಕರೇ 20-25 ಅಡಿ ದೂರ ಇರುತ್ತಾರೆ. ಅಲ್ಲಿ ಪಿ 2.5 ಅಥವಾ ಪಿ 3 ಧಾರಾಳವಾಗಿ ಸಾಕು. ಅದಕ್ಕಿಂತ ನುಣುಪಾದುದಕ್ಕೆ ಕೊಡುವ ದುಡ್ಡು ಅಲ್ಲಿ ಯಾರ ಕಣ್ಣಿಗೂ ತಲುಪುವುದಿಲ್ಲ.

2. ಒತ್ತಕ್ಷರ ಓದಲು ಬಂದರೆ ಮಾತ್ರ ಪರದೆ ಪಾಸು

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪಾಠ ಇದು. ಬ್ರೋಷರುಗಳಲ್ಲಿ ಇದರ ಸುಳಿವೂ ಸಿಗುವುದಿಲ್ಲ, ಏಕೆಂದರೆ ಅವನ್ನು ಬರೆದವರು ಕನ್ನಡ ಓದುವವರಲ್ಲ.

ಇಂಗ್ಲಿಷ್ ಅಕ್ಷರವನ್ನು ಅಗಲಕ್ಕೆ ಐದು, ಎತ್ತರಕ್ಕೆ ಏಳು ಚುಕ್ಕೆಯಲ್ಲಿ ಗುರುತು ಸಿಗುವಂತೆ ಬರೆಯಬಹುದು. ಬ್ಯಾಂಕುಗಳಲ್ಲಿ ಕೆಂಪು ಅಕ್ಷರ ಓಡುತ್ತಿದ್ದ ಹಳೆಯ ಬೋರ್ಡುಗಳು ಬದುಕಿದ್ದೇ ಆ ಲೆಕ್ಕದ ಮೇಲೆ. ಕನ್ನಡದಲ್ಲಿ ಒಂದು ಸಾಲು ಎಂದರೆ ಮೂರು ಅಂತಸ್ತು: ಮೇಲೆ ತಲೆಕಟ್ಟು, ಗುಡಿಸು, ಏತ್ವ, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. 'ರಾಷ್ಟ್ರ', 'ಶಾಸ್ತ್ರ', 'ಸ್ವಾತಂತ್ರ್ಯ' ಎಂಬಲ್ಲಿ ಒತ್ತಿಗೂ ಮತ್ತೊಂದು ಒತ್ತು. ಇಷ್ಟೂ ಹದಿನಾರು ಚುಕ್ಕೆಯ ಎತ್ತರದಲ್ಲಿ ಹಿಡಿಯುವುದಿಲ್ಲ. ನನ್ನ ಅನುಭವದಲ್ಲಿ ಒಂದು ಸಾಲಿಗೆ ಕನಿಷ್ಠ 32 ಚುಕ್ಕೆ ಬೇಕು. 40 ಸಿಕ್ಕರೆ ವಯಸ್ಸಾದವರೂ ತಡವರಿಸದೆ ಓದುತ್ತಾರೆ.

ಲೆಕ್ಕ ಹೀಗಿದೆ. ಪಿ 4ರ ಪರದೆ, ಹೆಚ್ಚುಕಡಿಮೆ ಎಂಟೂವರೆ ಅಡಿಗೆ ನಾಲ್ಕು ಅಡಿ ಎಂದಿಟ್ಟುಕೊಳ್ಳಿ. ಅದರಲ್ಲಿರುವುದು ಅಗಲಕ್ಕೆ 640, ಎತ್ತರಕ್ಕೆ 320 ಚುಕ್ಕೆ. ಲ್ಯಾಪ್‌ಟಾಪಿನಲ್ಲಿ 1080 ಚುಕ್ಕೆಯ ಎತ್ತರಕ್ಕೆ ಮಾಡಿದ ಸ್ಲೈಡು ಅಲ್ಲಿಗೆ ಬರುವಾಗ ಮೂರನೇ ಒಂದು ಪಾಲಿಗಿಂತ ಚಿಕ್ಕದಾಗುತ್ತದೆ. ಲ್ಯಾಪ್‌ಟಾಪಿನಲ್ಲಿ 60 ಚುಕ್ಕೆ ಎತ್ತರವಿದ್ದ ಸಾಲು ಗೋಡೆಯ ಮೇಲೆ 18 ಚುಕ್ಕೆಗೆ ಇಳಿಯುತ್ತದೆ. ಇಂಗ್ಲಿಷ್ ಆಗ ಸ್ವಲ್ಪ ಒರಟಾಗಿ ಕಂಡರೂ ಓದಬಹುದು. ಕನ್ನಡದಲ್ಲಿ ಒತ್ತುಗಳೆಲ್ಲ ಒಂದೊಂದು ಬಿಳಿ ಮುದ್ದೆಯಾಗುತ್ತವೆ.

ಬಸವೇಶ್ವರನಗರದ ಒಂದು ಸಭಾಭವನದಲ್ಲಿ ಹೀಗೇ ಆಯಿತು. ಪರದೆ ಕೂರಿಸಿದ ದಿನ ಜಲಪಾತದ ವಿಡಿಯೊ ಹಾಕಿದ್ದೆವು, ಒಂದು ಇಂಗ್ಲಿಷ್ ಸ್ಲೈಡು ಹಾಕಿದ್ದೆವು. ಸಮಿತಿಯವರಿಗೆ ಖುಷಿಯಾಗಿತ್ತು. ಮುಂದಿನ ವಾರ ಪುಸ್ತಕ ಬಿಡುಗಡೆ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಒತ್ತೆಲ್ಲ ಎಲ್ಲಿ ಹೋಯ್ತಪ್ಪಾ?" ಲೇಖಕರ ಹೆಸರನ್ನೇ ಸಭಿಕರು ತಪ್ಪಾಗಿ ಓದಿಕೊಳ್ಳುವ ಹಾಗಿತ್ತು. ಅವತ್ತು ತಲೆಯೆತ್ತಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಕನ್ನಡದ ಕಾರ್ಯಕ್ರಮಗಳಿಗೆಂದೇ ಕಟ್ಟಿದ ಭವನಕ್ಕೆ ಕನ್ನಡ ಓದಲಾಗದ ಪರದೆಯನ್ನು ಆರಿಸಿ ಕೊಟ್ಟಿದ್ದೆ.

ಈಗ ನನ್ನ ಪೆನ್‌ಡ್ರೈವಿನಲ್ಲಿ ಒಂದು ಪರೀಕ್ಷೆಯ ಸ್ಲೈಡು ಸದಾ ಇರುತ್ತದೆ. ಅದರಲ್ಲಿರುವುದು ನಮ್ಮ ಸುತ್ತಿನ ಊರುಗಳೇ: ಬಸವೇಶ್ವರನಗರ, ಅತ್ತಿಗುಪ್ಪೆ, ಮಲ್ಲತ್ತಹಳ್ಳಿ, ನಾಯಂಡಹಳ್ಳಿ, ಪಟ್ಟಣಗೆರೆ. ಕೆಳಗೆ 'ರಾಷ್ಟ್ರಪತಿ', 'ಸ್ವಾತಂತ್ರ್ಯ', 'ವೈಶಿಷ್ಟ್ಯ'. ಒಂದೊಂದು ಸಾಲು ಕೆಳಗಿಳಿದಂತೆ ಚಿಕ್ಕದಾಗುತ್ತದೆ. ಕನ್ನಡಕ ಹಾಕುವವರೊಬ್ಬರನ್ನು ಕೊನೆಯ ಸಾಲಿನಲ್ಲಿ, ಇನ್ನೊಬ್ಬರನ್ನು ಮೊದಲ ಸಾಲಿನಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸುತ್ತೇನೆ. ಅವರು ಎಲ್ಲಿ ತಡೆಯುತ್ತಾರೋ ಆ ಪರದೆಯ ಮಿತಿ ಅಲ್ಲಿಗೆ. ಬಿಎಂಟಿಸಿ ಬಸ್ಸುಗಳ ಎಲ್‌ಇಡಿ ಫಲಕದಲ್ಲಿ ಊರಿನ ಹೆಸರನ್ನು ದೂರದಿಂದ ಓದಲು ಯತ್ನಿಸಿದವರಿಗೆ ಈ ಕಷ್ಟ ಹೊಸದಲ್ಲ.

ಇದರ ಜೊತೆಗೆ ಅಕ್ಷರ ವಿನ್ಯಾಸದ ತೊಡಕೂ ಇದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗುತ್ತದೆ. ಯುನಿಕೋಡಿನಲ್ಲಿ ಟೈಪ್ ಮಾಡಿದರೂ ಪರದೆ ನಡೆಸುವ ಕೆಲವು ಸಾಫ್ಟ್‌ವೇರುಗಳಿಗೆ ಕನ್ನಡದ ಒತ್ತು ಕೂಡಿಸಲು ಬರುವುದಿಲ್ಲ. 'ಅತ್ತಿ' ಎಂದಿರಬೇಕಾದದ್ದು 'ಅತ್‌ತಿ' ಎಂದು ಬಿಡಿಸಿಕೊಂಡು ನಿಲ್ಲುತ್ತದೆ. ಸುಲಭದ ದಾರಿ ಎಂದರೆ ಕನ್ನಡ ಸಾಲುಗಳನ್ನು ಚಿತ್ರವಾಗಿ, ಪರದೆಯ ಚುಕ್ಕೆಗಳ ಅಳತೆಗೇ ಸರಿಯಾಗಿ ಮಾಡಿಕೊಂಡು ಹಾಕುವುದು. ಆ ಅಳತೆಯನ್ನು (ಉದಾಹರಣೆಗೆ 1536 ಅಡ್ಡ, 864 ಉದ್ದ) ದಪ್ಪಕ್ಷರದಲ್ಲಿ ಬರೆದು ಕಂಟ್ರೋಲ್ ಟೇಬಲ್ಲಿನ ಮೇಲೆ ಅಂಟಿಸಿ. ಡಿಟಿಪಿ ಮಾಡುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ದಪ್ಪ ಫಾಂಟ್ ಆರಿಸಿ. ತೆಳು ಗೆರೆಯ ಅಲಂಕಾರದ ಫಾಂಟುಗಳು ಆಮಂತ್ರಣ ಪತ್ರಿಕೆಗೆ ಸರಿ.

3. ಅಳತೆ ಅಡಿಯಲ್ಲಿ ಹೇಳಿ, ಕ್ಯಾಬಿನೆಟ್ಟಿನಲ್ಲಿ ಎಣಿಸಿ

"ಹನ್ನೆರಡಕ್ಕೆ ಎಂಟು ಹಾಕಿಬಿಡಿ" ಎನ್ನುತ್ತಾರೆ. ಪರದೆ ಬರುವುದು ಕ್ಯಾಬಿನೆಟ್ಟುಗಳಲ್ಲಿ, ಕ್ಯಾಬಿನೆಟ್ಟಿನೊಳಗೆ ಮಾಡ್ಯೂಲುಗಳಲ್ಲಿ. ಒಳಾಂಗಣದ ಮಾಡ್ಯೂಲು ಹೆಚ್ಚಾಗಿ 320ಕ್ಕೆ 160 ಮಿಲಿಮೀಟರ್. ಕಾಯಂ ಕೂರಿಸುವ ಅಲ್ಯುಮಿನಿಯಂ ಕ್ಯಾಬಿನೆಟ್ಟು ಬಹಳ ಕಡೆ 640ಕ್ಕೆ 480. ಬಾಡಿಗೆಯವರದು 500ಕ್ಕೆ 500 ಅಥವಾ 500ಕ್ಕೆ 1000. ನಮ್ಮ ವಿಡಿಯೊಗಳೆಲ್ಲ 16:9 ಆಕಾರದವು. ಹನ್ನೆರಡಕ್ಕೆ ಎಂಟು ಎಂದರೆ 3:2. ಆಗ ಒಂದೋ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಇಲ್ಲವೇ ಎಳೆದು ಹೊಂದಿಸಿದ ಚಿತ್ರದಲ್ಲಿ ಎಲ್ಲರ ಮುಖವೂ ಉದ್ದವಾಗುತ್ತದೆ. 640ಕ್ಕೆ 480ರ ಕ್ಯಾಬಿನೆಟ್ಟನ್ನು ಅಡ್ಡಕ್ಕೆ ನಾಲ್ಕು, ಮೇಲಕ್ಕೆ ಮೂರು ಜೋಡಿಸಿದರೆ 2.56 ಮೀಟರಿಗೆ 1.44 ಮೀಟರ್, ಸರಿಯಾಗಿ 16:9. ಎಂಟಕ್ಕೆ ಆರು ಜೋಡಿಸಿದರೆ ಅದರ ದುಪ್ಪಟ್ಟು. ನಡುವಿನ ಅಳತೆ ಬೇಕೆಂದರೆ ಎಲ್ಲಿ ರಾಜಿಯಾಗುತ್ತೀರಿ ಎಂದು ಮೊದಲೇ ಕಾಗದದ ಮೇಲೆ ಚಿತ್ರ ಬಿಡಿಸಿ ಒಪ್ಪಿಕೊಳ್ಳಿ.

ಎತ್ತರವನ್ನು ತೀರ್ಮಾನಿಸುವುದು ಸೂರು. ಹಳೆಯ ಕಟ್ಟಡಗಳಲ್ಲಿ ಹತ್ತು ಅಡಿಯ ಸೂರು ಸಾಮಾನ್ಯ. ಕುರ್ಚಿಯಲ್ಲಿ ಕೂತವರ ತಲೆ ನೆಲದಿಂದ ಸುಮಾರು ನಾಲ್ಕು ಅಡಿಗೆ ಬರುತ್ತದೆ. ಪರದೆಯ ಕೆಳ ಅಂಚು ಅದಕ್ಕಿಂತ ಕೆಳಗಿದ್ದರೆ ಹಿಂದಿನವರಿಗೆ ಕಾಣುವುದು ಮುಂದಿನವರ ತಲೆ. ಮೇಲೆ ಅರ್ಧ ಅಡಿ ಬಿಟ್ಟರೆ ಉಳಿಯುವುದು ಐದೂವರೆ ಅಡಿ. ಎಂಟು ಅಡಿ ಎತ್ತರದ ಪರದೆಯ ಆಸೆ ಅಲ್ಲಿಗೆ ಬಿಡಬೇಕು, ದುಡ್ಡೂ ಉಳಿಯಿತು.

4. ಬೆಳಕು ಇಳಿಸಿ ತೋರಿಸಲು ಹೇಳಿ

ಶೋರೂಮಿನಲ್ಲಿ ಪರದೆಯನ್ನು ಪೂರ್ತಿ ಬೆಳಕಿನಲ್ಲಿ ಓಡಿಸುತ್ತಾರೆ. ಬಣ್ಣದ ಗಿಳಿ, ಅರಳುವ ಹೂವು, ಎಲ್ಲ ಕಣ್ಣು ಕೋರೈಸುತ್ತವೆ. ಒಳಾಂಗಣಕ್ಕೆ 600ರಿಂದ 800 ನಿಟ್ಸ್ ಬೆಳಕಿನ ಸಾಮರ್ಥ್ಯ ಬೇಕಾದಷ್ಟಾಯಿತು. ಬಿಸಿಲಿನಲ್ಲಿ ನಿಲ್ಲುವ ಪರದೆಗಳಿಗೆ ಬೇಕಾಗುವ 5000 ನಿಟ್ಸಿನ ಮಾತು ಇಲ್ಲಿ ಬೇಡ. ಆ 600ರಲ್ಲೂ ದಿನನಿತ್ಯ ಬಳಸುವುದು ಕಾಲು ಭಾಗದಿಂದ ಅರ್ಧದವರೆಗೆ ಅಷ್ಟೆ. ಹಾಗಿರುವಾಗ ಅಗ್ಗದ ಪರದೆಯ ಗುಣ ಗೊತ್ತಾಗುವುದು ಬೆಳಕು ಇಳಿಸಿದಾಗಲೇ. ಶೇಕಡಾ 20ಕ್ಕೆ ಇಳಿಸಿದರೆ ಕಪ್ಪಿನ ಛಾಯೆಗಳು ಒಂದರೊಳಗೊಂದು ಸೇರಿಹೋಗುತ್ತವೆ, ನೆರಳಿನಲ್ಲಿರುವ ಮುಖದ ಮೇಲೆ ಕೆಂಪು ಹಸಿರು ಮಚ್ಚೆ ಏಳುತ್ತವೆ, ಕಡು ಮೆರೂನ್ ರೇಷ್ಮೆ ಸೀರೆಯ ನೆರಿಗೆ ಕಾಣದೆ ಒಂದೇ ಹಾಳೆಯ ಹಾಗೆ ಕಾಣುತ್ತದೆ. ಮದುವೆ ಮಂಟಪಕ್ಕೆ ಪರದೆ ನೋಡಲು ಹೋಗುವವರು ನಿಮ್ಮದೇ ಮಂಟಪದ ಹಳೆಯ ಮದುವೆಯ ವಿಡಿಯೊ ತೆಗೆದುಕೊಂಡು ಹೋಗಿ. ಅರಿಶಿನ ಹಚ್ಚಿದ ಮುಖ ನೀಲಿಗೆ ತಿರುಗದೆ ಇದ್ದ ಹಾಗೇ ಕಾಣುತ್ತದೆಯೇ ನೋಡಿ.

ಕಿಟಕಿಯ ದಿಕ್ಕನ್ನೂ ಗಮನಿಸಿ. ಪಶ್ಚಿಮಕ್ಕೆ ತೆರೆದ ಕಿಟಕಿಯಿಂದ ಸಂಜೆ ನಾಲ್ಕರ ಬಿಸಿಲು ಪರದೆಯ ಮೇಲೆ ಬಿದ್ದರೆ ಬೆಳಕು ಹೆಚ್ಚಿಸಿ ಗೆಲ್ಲಲಾಗದು. ಒಂದು ದಪ್ಪ ಪರದೆಬಟ್ಟೆ ಹಾಕಿಸುವುದು ಅಗ್ಗ, ಒಳ್ಳೆಯದು.

5. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ

ಎಲ್‌ಇಡಿ ದೀಪ ಸದಾ ಉರಿಯುತ್ತಿರುವಂತೆ ಕಂಡರೂ ಸೆಕೆಂಡಿಗೆ ಸಾವಿರಾರು ಸಲ ಆರಿ ಹೊತ್ತುತ್ತಿರುತ್ತದೆ. ಆ ಎಣಿಕೆ 1920 ಇದ್ದಲ್ಲಿ ಕಣ್ಣಿಗೆ ಏನೂ ಗೊತ್ತಾಗದಿದ್ದರೂ ವಿಡಿಯೊದಲ್ಲಿ ಅಡ್ಡ ಗೆರೆಗಳು ಹರಿದಾಡಬಹುದು. 3840 ಇದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಈಗ ಮದುವೆ, ಉಪನಯನ, ತರಗತಿ, ಪ್ರವಚನ ಎಲ್ಲವೂ ಯೂಟ್ಯೂಬಿನಲ್ಲಿ ನೇರ ಹೋಗುತ್ತಿರುವುದರಿಂದ ಇದು ಬಿಡಬಹುದಾದ ಖರ್ಚಲ್ಲ. ಪರೀಕ್ಷೆ ಸುಲಭ: ಕೊಳ್ಳುವ ಮುನ್ನ ಪರದೆಯ ಬೆಳಕು ಇಳಿಸಿ, ನಿಮ್ಮ ವಿಡಿಯೊಗ್ರಾಫರ್ ಬಳಸುವ ಕ್ಯಾಮೆರಾವನ್ನೇ ತರಿಸಿ, 1/50ರ ಶಟರ್‌ನಲ್ಲೂ ಅದಕ್ಕಿಂತ ವೇಗದ ಶಟರ್‌ನಲ್ಲೂ ಒಂದು ನಿಮಿಷ ಚಿತ್ರಿಸಿ ನೋಡಿ. ಮೊಬೈಲಿನಲ್ಲೂ ನೋಡಿ. ಅಲೆಯಂಥ ಬಳ್ಳಿಗೆರೆ ಬಂದರೆ ಅದು ಬೇರೆ ಸಮಸ್ಯೆ. ಕ್ಯಾಮೆರಾದ ಕೋನ ಅಥವಾ ಫೋಕಸ್ ಕೊಂಚ ಬದಲಿಸಿದರೆ ಹೋಗುತ್ತದೆ.

6. ಪರದೆಗೆ ಮುಂಚೆ ಗೋಡೆ ಮತ್ತು ಕರೆಂಟು

ಹೆಚ್ಚಿನ ಕೊಟೇಶನ್ನುಗಳು ಮೌನವಾಗಿರುವುದು ಇಲ್ಲಿ. ಹತ್ತು ಚದರ ಮೀಟರ್ ಪರದೆ, ಎಂದರೆ ಸುಮಾರು ಹನ್ನೆರಡಕ್ಕೆ ಒಂಬತ್ತು ಅಡಿ, ಕ್ಯಾಬಿನೆಟ್ಟು ಸೇರಿ 250ರಿಂದ 350 ಕಿಲೋ ತೂಗುತ್ತದೆ. ಅದರ ಮೇಲೆ ಕಬ್ಬಿಣದ ಫ್ರೇಮು. ಸಾಲಿಡ್ ಬ್ಲಾಕ್ ಗೋಡೆ ತಡೆಯಬಹುದು, ಜಿಪ್ಸಂ ಪಾರ್ಟಿಷನ್ ತಡೆಯುವುದಿಲ್ಲ. ಅಲ್ಲಿ ನೆಲದಿಂದಲೇ ಫ್ರೇಮು ಎಬ್ಬಿಸಬೇಕು. ಫ್ರೇಮು ಮಟ್ಟವಾಗಿರದಿದ್ದರೆ ಕ್ಯಾಬಿನೆಟ್ಟುಗಳ ನಡುವೆ ಕಪ್ಪು ಅಥವಾ ಹೊಳೆಯುವ ಗೆರೆ ಕಾಣುತ್ತದೆ, ಪಿಚ್ ಚಿಕ್ಕದಾದಷ್ಟೂ ಎದ್ದು ಕಾಣುತ್ತದೆ. ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ಎಂಥ ಸೂಕ್ಷ್ಮ ಕೆಲಸವನ್ನೂ ಮಾಡಿಕೊಡುವ ಫ್ಯಾಬ್ರಿಕೇಶನ್ ಶೆಡ್ಡುಗಳಿವೆ. ಅವರಿಗೆ ಸರಿಯಾದ ಡ್ರಾಯಿಂಗು ಕೊಡಬೇಕಷ್ಟೆ. ಗೇಟು ಮಾಡುವ ಅಳತೆಯಲ್ಲಿ ಮಾಡಿಸಿದರೆ ಗೇಟಿನಂತೆಯೇ ಬರುತ್ತದೆ. ಹಿಂದಿನಿಂದ ಬಿಚ್ಚುವ ಪರದೆಯಾದರೆ ಆಳು ನುಗ್ಗುವಷ್ಟು, ಎರಡು-ಎರಡೂವರೆ ಅಡಿ ಜಾಗ ಹಿಂದೆ ಬಿಡಬೇಕು. ಜಾಗವಿಲ್ಲದಿದ್ದರೆ ಮುಂದಿನಿಂದ ಅಯಸ್ಕಾಂತದಲ್ಲಿ ಕಳಚುವಂಥದ್ದನ್ನೇ ಕೇಳಿ.

ಕರೆಂಟಿನ ಲೆಕ್ಕ: ಚದರ ಮೀಟರಿಗೆ 600 ವ್ಯಾಟ್ ಗರಿಷ್ಠ ಎಂದು ಹಿಡಿದರೆ ಹತ್ತು ಚದರ ಮೀಟರಿಗೆ 6 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಅದು 26 ಆಂಪಿಯರ್. ಪೂರ್ತಿ ಬಿಳಿ ತೋರಿಸಿದಾಗಿನ ಲೆಕ್ಕ ಅದು. ಸಾಮಾನ್ಯ ಬಳಕೆಯಲ್ಲಿ ಮೂರನೇ ಒಂದು ಭಾಗ. ಆದರೆ ತಂತಿ, ಎಂಸಿಬಿ ಎಲ್ಲ ಗರಿಷ್ಠಕ್ಕೇ ತಯಾರಿರಬೇಕು. ಸ್ವಿಚ್ ಹಾಕಿದ ಕ್ಷಣ ಎಲ್ಲ ಪವರ್ ಸಪ್ಲೈಗಳೂ ಒಟ್ಟಿಗೆ ಕರೆಂಟು ಎಳೆಯುವುದರಿಂದ ಪರದೆಯನ್ನು ಎರಡು ಮೂರು ಸರ್ಕ್ಯೂಟುಗಳಾಗಿ ಹಂಚಿ ಒಂದಾದ ಮೇಲೊಂದು ಹೊತ್ತುವಂತೆ ಮಾಡಬೇಕು. ರಾಜಾಜಿನಗರದ ಹಳೆಯ ಮಂಟಪವೊಂದರಲ್ಲಿ ಸೀರಿಯಲ್ ಸೆಟ್ಟು, ಅಡುಗೆಮನೆಯ ಗ್ರೈಂಡರು, ಎಲ್‌ಇಡಿ ವಾಲು ಮೂರೂ ಒಂದೇ ಫೇಸಿನಲ್ಲಿದ್ದವು. ಮುಹೂರ್ತದ ಹೊತ್ತಿಗೆ ಎಂಸಿಬಿ ಬಿದ್ದು ದೀಪ, ಪರದೆ, ಮೈಕು ಎಲ್ಲ ಹೋದವು. ಮನೆಯವರು ದೀಪ ಹಚ್ಚಿಕೊಂಡು ತಾಳಿ ಕಟ್ಟಿಸಿದರು. ಲೋಡು ಅಳೆಯದೆ ಹೋದದ್ದು ನಾನು. ಅವರಿಗೆ ಆ ಮುಹೂರ್ತ ಮತ್ತೆ ಬರುವುದಿಲ್ಲ.

ಅರ್ತಿಂಗ್ ಸರಿಯಿಲ್ಲದಿದ್ದರೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ, ಪರದೆ ಮುಟ್ಟಿದವರಿಗೆ ಜುಮ್ ಎನ್ನುತ್ತದೆ. ಯುಪಿಎಸ್ ಇಡೀ ಗೋಡೆಗೆ ಬೇಕಿಲ್ಲ. ಪರದೆಗೆ ಚಿತ್ರ ಕಳಿಸುವ ಪ್ರೊಸೆಸರ್, ಕಂಪ್ಯೂಟರುಗಳಿಗೆ ಒಂದು ಸಣ್ಣದು ಇದ್ದರೆ ಕರೆಂಟು ಹೋಗಿ ಜನರೇಟರ್ ಬಂದ ಕೂಡಲೇ ಚಿತ್ರವೂ ಬರುತ್ತದೆ. ಇನ್ನೊಂದು: ಪರದೆ ಕುಡಿಯುವ ವಿದ್ಯುತ್ತೆಲ್ಲ ಕೊನೆಗೆ ಕೋಣೆಯ ಶಾಖವೇ. ಎರಡು ಕಿಲೋವ್ಯಾಟ್ ಸರಾಸರಿ ಓಡುವ ಪರದೆ ಅರ್ಧ ಟನ್ನಿಗಿಂತ ಹೆಚ್ಚು ಏಸಿಯ ಕೆಲಸವನ್ನು ತಿಂದುಹಾಕುತ್ತದೆ.

7. ಆಷಾಢದಲ್ಲೂ ಪರದೆ ಹೊತ್ತಿಸಿ

ಮಂಟಪಗಳಿಗೆ ಆಷಾಢ ಖಾಲಿ ಕಾಲ. ಬಾಗಿಲು ಹಾಕಿ, ಮೇನ್ ಸ್ವಿಚ್ ಇಳಿಸಿ ಹೋಗುತ್ತಾರೆ. ಹೊರಗೆ ಮಳೆಗಾಲ. ಈ ಪುಟ್ಟ ದೀಪಗಳ ಮೇಲಿನ ಅಂಟುಪದರ ಗಾಳಿಯ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಶ್ರಾವಣದ ಮೊದಲ ಮದುವೆಗೆ ಒಮ್ಮೆಲೇ ಪೂರ್ತಿ ಬೆಳಕು ಕೊಟ್ಟರೆ ಒಳಗಿನ ತೇವ ಹಿಗ್ಗಿ ದೀಪಗಳು ಸಾಯುತ್ತವೆ. ಅಲ್ಲೊಂದು ಇಲ್ಲೊಂದು ಕೆಂಪೋ ನೀಲಿಯೋ ಚುಕ್ಕೆ ನಿಂತುಬಿಡುತ್ತದೆ. ಕಾರ್ಯಕ್ರಮವಿರಲಿ ಬಿಡಲಿ, ವಾರಕ್ಕೊಮ್ಮೆ ಒಂದೆರಡು ಗಂಟೆ ಓಡಿಸಿ. ಬಹಳ ದಿನ ಬಿಟ್ಟಿದ್ದರೆ ಮೊದಲು ಕಡಿಮೆ ಬೆಳಕಿನಲ್ಲಿ ಶುರುಮಾಡಿ, ಗಂಟೆ ಗಂಟೆಗೆ ಏರಿಸಿ. ಕಾವಲಿನವರಿಗೆ ಇದನ್ನು ಕಲಿಸಿಕೊಡಿ, ಅವರೇ ನಿಜವಾಗಿ ಪರದೆ ಉಳಿಸುವವರು.

ಮಕ್ಕಳ ಕೈ ತಲುಪುವ ಎತ್ತರದಲ್ಲಿ ಪರದೆಯಿದ್ದರೆ ಸಾದಾ ದೀಪದ ಮಾಡ್ಯೂಲು ಬೇಡ. ಹೂವಿನ ಅಲಂಕಾರದವರು ಏಣಿ ಒರಗಿಸಿದರೂ ಅಂಚಿನ ದೀಪಗಳು ಉದುರುತ್ತವೆ. ಮೇಲೆ ಪಾರದರ್ಶಕ ಅಂಟು ಹೊಯ್ದ ಜಿಒಬಿ, ಅಥವಾ ದೀಪಗಳನ್ನು ನೇರ ಹಲಗೆಯ ಮೇಲೇ ಕೂರಿಸಿ ಮುಚ್ಚಿದ ಸಿಒಬಿ ಬೆಲೆ ಹೆಚ್ಚಾದರೂ ಅಂಥ ಕಡೆ ಬಾಳುತ್ತವೆ.

8. ಎಲ್ಲ ಕೋಣೆಗೂ ಎಲ್‌ಇಡಿ ವಾಲ್ ಬೇಡ

ಹತ್ತು ಹದಿನೈದು ಜನ ಕೂರುವ ಮೀಟಿಂಗ್ ರೂಮಿಗೂ ಎಲ್‌ಇಡಿ ವಾಲನ್ನೇ ಕೇಳುತ್ತಾರೆ. 98 ಇಂಚಿನ ಎಲ್‌ಸಿಡಿ ಪರದೆ ಅಗಲಕ್ಕೆ ಸುಮಾರು 2.17 ಮೀಟರ್. ಅದರಲ್ಲಿ 4ಕೆ, ಎಂದರೆ ಅಡ್ಡಕ್ಕೆ 3840 ಚುಕ್ಕೆ. ಅಷ್ಟೇ ಜಾಗದಲ್ಲಿ ಅಷ್ಟೇ ಚುಕ್ಕೆಯನ್ನು ಎಲ್‌ಇಡಿ ವಾಲಿನಲ್ಲಿ ಕೊಡಬೇಕೆಂದರೆ ಪಿಚ್ 0.56ಕ್ಕೆ ಇಳಿಯಬೇಕು, ಬೆಲೆ ಎಲ್ಲಿಗೋ ಹೋಗುತ್ತದೆ. ಎಕ್ಸೆಲ್ ಹಾಳೆ ನೋಡುವ ಕೋಣೆಗೆ ದೊಡ್ಡ ಎಲ್‌ಸಿಡಿಯೇ ವಾಸಿ. ಕತ್ತಲು ಮಾಡಬಲ್ಲ ಸಭಾಂಗಣಕ್ಕೆ ಒಳ್ಳೆಯ ಪ್ರೊಜೆಕ್ಟರ್ ಈಗಲೂ ಮರ್ಯಾದೆಯ ಆಯ್ಕೆ. ಹೀಗೆ ಹೇಳಿ ನನಗೆ ಕೈತಪ್ಪಿದ ಕೆಲಸಗಳುಂಟು, ಅದರ ಬೇಸರವಿಲ್ಲ.

9. ಹಣ ಕೊಡುವ ಮುನ್ನ ಕೈಗೆ ಬರಬೇಕಾದವು

ದೀಪಗಳನ್ನು ಕಾರ್ಖಾನೆಯಲ್ಲಿ ಬಣ್ಣ, ಬೆಳಕಿನ ಪ್ರಕಾರ ವಿಂಗಡಿಸಿ ಒಂದೊಂದು ಬ್ಯಾಚಿಗೆ ಹಾಕುತ್ತಾರೆ. ಎರಡು ವರ್ಷದ ಮೇಲೆ ಒಂದು ಮಾಡ್ಯೂಲು ಕೆಟ್ಟು, ಬೇರೆ ಬ್ಯಾಚಿನದು ಹಾಕಿದರೆ ಗೋಡೆಯ ನಡುವೆ ಬೇರೆ ಬಣ್ಣದ ತೇಪೆ. ಅದನ್ನು ಸರಿಮಾಡುವುದು ಬಹಳ ಕಷ್ಟ. ಆದ್ದರಿಂದ ಕೊಳ್ಳುವಾಗಲೇ ಅದೇ ಬ್ಯಾಚಿನ ಮಾಡ್ಯೂಲುಗಳನ್ನು ಶೇಕಡಾ ಐದರಷ್ಟು ಹೆಚ್ಚಿಗೆ ತೆಗೆದುಕೊಳ್ಳಿ. ಒಂದೆರಡು ಪವರ್ ಸಪ್ಲೈ, ಒಂದು ರಿಸೀವಿಂಗ್ ಕಾರ್ಡೂ ಇರಲಿ. ಎಸ್.ಪಿ. ರೋಡಿನಲ್ಲಿ ಕೇಬಲ್ಲು, ಪವರ್ ಸಪ್ಲೈ ಸಿಗಬಹುದು. ನಿಮ್ಮ ಬ್ಯಾಚಿನ ಮಾಡ್ಯೂಲು ಸಿಗುವುದಿಲ್ಲ.

ಪ್ರೊಸೆಸರಿನ ವಿಷಯದಲ್ಲಿ ಒಂದೇ ಲೆಕ್ಕ ನೆನಪಿರಲಿ: ಒಂದು ನೆಟ್‌ವರ್ಕ್ ಕೇಬಲ್ಲು ಸುಮಾರು ಆರೂವರೆ ಲಕ್ಷ ಚುಕ್ಕೆಗಳನ್ನು ಸಾಗಿಸಬಲ್ಲದು. ಪೂರ್ತಿ ಎಚ್‌ಡಿ ಎಂದರೆ 20.7 ಲಕ್ಷ ಚುಕ್ಕೆ, ನಾಲ್ಕು ಕೇಬಲ್ಲು. ಕೊಟೇಶನ್ನಿನಲ್ಲಿರುವ ಪೆಟ್ಟಿಗೆಗೆ ಅಷ್ಟು ಬಾಯಿ ಇದೆಯೇ ಎಂದು ನೋಡಿ.

ಕೊನೆಯದು ಕಾನ್ಫಿಗರೇಶನ್ ಫೈಲು. ಪ್ರೊಸೆಸರು ನೋವಾಸ್ಟಾರ್ ಆಗಲಿ, ಕಲರ್‌ಲೈಟ್ ಆಗಲಿ, ಯಾವ ಕ್ಯಾಬಿನೆಟ್ಟು ಎಲ್ಲಿದೆ, ಯಾವ ಕೇಬಲ್ಲು ಎಲ್ಲಿಂದ ಎಲ್ಲಿಗೆ, ಮಾಡ್ಯೂಲಿನ ದೀಪಗಳನ್ನು ಯಾವ ಕ್ರಮದಲ್ಲಿ ಹೊತ್ತಿಸಬೇಕು ಎಂಬ ಮಾಹಿತಿ ಒಂದೆರಡು ಸಣ್ಣ ಫೈಲುಗಳಲ್ಲಿರುತ್ತದೆ. ಕೂರಿಸಿದವನು ಊರು ಬಿಟ್ಟರೆ, ಅಂಗಡಿ ಮುಚ್ಚಿದರೆ, ಆ ಫೈಲಿಲ್ಲದೆ ಕಾರ್ಡು ಬದಲಿಸಲು ಬಂದ ಹೊಸಬ ದಿನಗಟ್ಟಲೆ ತಡಕಾಡುತ್ತಾನೆ. ಅಂಥ ಪರದೆಗಳ ಮುಂದೆ ಹೊಸಬನಾಗಿ ನಾನೂ ಕೂತಿದ್ದೇನೆ. ನೀವು ಈಗಾಗಲೇ ಪರದೆ ಹಾಕಿಸಿದ್ದರೆ ಈ ವಾರವೇ ಕೂರಿಸಿದವರಿಗೆ ಫೋನ್ ಮಾಡಿ ಆ ಫೈಲುಗಳನ್ನು ಕೇಳಿ ಪಡೆಯಿರಿ. ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕಂಟ್ರೋಲ್ ರೂಮಿನಲ್ಲಿಡಿ, ಇನ್ನೊಂದನ್ನು ಕಾರ್ಯದರ್ಶಿಯವರ ಈಮೇಲಿಗೆ ಕಳಿಸಿ.